ಪೇಢಿಯ ಗಣಕಗಳು ಮಾತನಾಡಿಕೊಳ್ಳುವ ಬಗೆ

ಮುಂಬಯಿಯ ಮಸ್ಜಿದ್ ಬಂದರಿನ ಒಂದು ಸಗಟು ವ್ಯಾಪಾರದ ಪೇಢಿಯಲ್ಲಿ ಕೆಲಸಮಾಡುವ, ಕುಂದಾಪುರದ ಕಡೆಯ ಗುಮಾಸ್ತರೊಬ್ಬರನ್ನು ನಾನು ಬಹುಕಾಲದಿಂದ ಬಲ್ಲೆ. ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬೆರಳಚ್ಚು ಕಲಿತು ಈ ನಗರದಲ್ಲಿ ನೆಲೆಯೂರಿದ ನಮ್ಮವರ ಸಾಲಿಗೆ ಸೇರಿದವರು ಅವರು. ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅವರ ಮೇಜಿನ ಬಳಿ ಕುಳಿತಿದ್ದಾಗ ಕಂಡ ದೃಶ್ಯವು ಇಂದಿಗೂ ನನ್ನ ಕಣ್ಣ ಮುಂದಿದೆ. ಅವರ ಇದಿರಿಗೆ ಎರಡು ಗಣಕಯಂತ್ರಗಳಿದ್ದವು. ಒಂದರಲ್ಲಿ ಊರೂರಿನ ಅಂಗಡಿಗಳಿಂದ ಬಂದ ಬೇಡಿಕೆಗಳು. ಇನ್ನೊಂದರಲ್ಲಿ ಪೇಢಿಯ ಲೆಕ್ಕ. ಅವರು ಮೊದಲನೆಯದನ್ನು ನೋಡಿ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವರು. ಚೀಟಿಯನ್ನು ನೋಡಿ ಎರಡನೆಯದರಲ್ಲಿ ಬೆರಳಚ್ಚಿಸುವರು. ಅನಂತರ ಅವೇ ಅಂಕಿಗಳನ್ನು ಲಾರಿ ಸಾಗಾಣಿಕೆಯವರ ಜಾಲತಾಣದಲ್ಲಿ ಮೂರನೆಯ ಸಲ ತುಂಬುವರು. "ಎರಡು ಯಂತ್ರಗಳ ನಡುವೆ ನಾನೇ ತಂತಿ, ಮಾರಾಯ್ರೆ" ಎಂದು ಅವರು ನಕ್ಕರು.

ನಕ್ಕರೇನೋ ನಿಜ, ಆದರೆ ಆ ವರ್ಷವೇ ದೀಪಾವಳಿಗೆ ಮುಂಚೆ 17 ಪೆಟ್ಟಿಗೆಗಳು ಅವರ ಬೆರಳ ತುದಿಯಲ್ಲಿ 71 ಆಗಿ, ಹೆಚ್ಚಿನ ಸರಕನ್ನು ಅಂಗಡಿಯವನು ಒಲ್ಲೆನೆಂದು ಹಿಂದಿರುಗಿಸಿ, ಲಾರಿ ಬಾಡಿಗೆಯ ಅರ್ಧವನ್ನು ಅವರ ಸಂಬಳದಿಂದ ಮುರಿದುಕೊಂಡಿದ್ದರು. ದಿನಕ್ಕೆ ನೂರಾರು ಅಂಕಿಗಳನ್ನು ಮೂರು ಮೂರು ಸಲ ಬರೆಯುವವನ ಕೈ ಒಮ್ಮೆ ತಪ್ಪುವುದು ಸೋಜಿಗವಲ್ಲ. ಸೋಜಿಗವೇನೆಂದರೆ, ಕ್ಷಣಾರ್ಧದಲ್ಲಿ ಲಕ್ಷ ಲೆಕ್ಕಗಳನ್ನು ಮಾಡಬಲ್ಲ ಯಂತ್ರಗಳೆರಡು ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಕುಳಿತೂ ಒಂದನ್ನೊಂದು ಅರಿಯದೆ ಇದ್ದುದು.

ಇದಕ್ಕೆ ಕಾರಣವು ಸರಳವಾಗಿದೆ. ಯಾವ ಪೇಢಿಯೂ ತನ್ನ ತಂತ್ರಾಂಶಗಳನ್ನೆಲ್ಲ ಒಂದೇ ದಿನ, ಒಬ್ಬನಿಂದಲೇ ಕೊಳ್ಳುವುದಿಲ್ಲ. ಲೆಕ್ಕಪತ್ರಕ್ಕೆ ಒಂದು, ಉಗ್ರಾಣಕ್ಕೆ ಇನ್ನೊಂದು, ಸಂಬಳದ ಪಟ್ಟಿಗೆ ಮತ್ತೊಂದು, ಹೀಗೆ ಅಗತ್ಯ ಬಿದ್ದಂತೆಲ್ಲ ಅವು ಒಂದೊಂದಾಗಿ ಬರುತ್ತವೆ. ಒಂದು ತಂತ್ರಾಂಶವು ಗಿರಾಕಿಯನ್ನು ಹೆಸರಿನಿಂದ ಗುರುತಿಸಿದರೆ ಇನ್ನೊಂದು ಅಂಕೆಯಿಂದ ಗುರುತಿಸುವುದು. ಒಂದರಲ್ಲಿ ತಾರೀಖು ಮೊದಲು, ಇನ್ನೊಂದರಲ್ಲಿ ತಿಂಗಳು ಮೊದಲು. ಇಂತಹವುಗಳನ್ನು ಜೋಡಿಸಲು ಹಿಂದೆ ಒಂದೊಂದು ಜೋಡಿಗೂ ಒಂದೊಂದು ಪ್ರತ್ಯೇಕ ಕ್ರಮವಿಧಿಯನ್ನು ಬರೆಸುತ್ತಿದ್ದರು. ಮೂರು ತಂತ್ರಾಂಶಗಳಿದ್ದರೆ ಮೂರು ಜೋಡಣೆಗಳು ಸಾಕು. ಆರಕ್ಕೆ 15 ಬೇಕು, ಹತ್ತಕ್ಕೆ 45, ಇಪ್ಪತ್ತಕ್ಕೆ 190. ಅವುಗಳಲ್ಲಿ ಒಂದು ತಂತ್ರಾಂಶವನ್ನು ಬದಲಿಸಿದರೆ ಅದಕ್ಕೆ ಅಂಟಿಕೊಂಡ ಜೋಡಣೆಗಳೆಲ್ಲ ಒಮ್ಮೆಗೇ ಕಳಚಿಕೊಳ್ಳುವುವು. ಅವನ್ನು ಬರೆದಾತ ಕೆಲಸ ಬಿಟ್ಟು ಹೋಗಿದ್ದರಂತೂ ಮಾಲಿಕನ ಪಾಡನ್ನು ಹೇಳುವುದೇ ಬೇಡ.

ಬ್ಯಾಂಕುಗಳಲ್ಲಿ ದುಡಿದ ನಮ್ಮ ವಾಚಕರಿಗೆ ಈ ಲೆಕ್ಕವು ಹೊಸದೆನಿಸಲಾರದು. ಪ್ರತಿಯೊಂದು ಬ್ಯಾಂಕಿನ ಜವಾನನೂ ಚೆಕ್ಕುಗಳ ಕಟ್ಟನ್ನು ಹೊತ್ತು ಉಳಿದ ಬ್ಯಾಂಕುಗಳಿಗೆಲ್ಲ ಅಲೆಯಬೇಕಾಗಿದ್ದರೆ ಕೋಟೆ ವಿಭಾಗದ ಬೀದಿಗಳು ಜವಾನರಿಂದಲೇ ತುಂಬಿಹೋಗುತ್ತಿದ್ದವು. ಎಲ್ಲರೂ ಒಂದೇ ಕ್ಲಿಯರಿಂಗ್ ಹೌಸಿಗೆ ಬಂದು, ಒಂದೇ ಮಾದರಿಯ ಪಟ್ಟಿಯೊಡನೆ ಕೊಟ್ಟು ಕೊಂಡುದರಿಂದ ಆ ಅಲೆದಾಟವು ತಪ್ಪಿತು. ಈ ನಗರದಲ್ಲಿಯೇ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲಿನಲ್ಲಿ ಯುಪಿಐ ವ್ಯವಸ್ಥೆಯನ್ನು ಆರಂಭಿಸಿದಾಗ ಮಾಡಿದುದೂ ಇದೇ ಜಾಣತನವನ್ನು. ಬ್ಯಾಂಕು ಬ್ಯಾಂಕಿಗೂ ಬೇರೆ ಬೇರೆ ತಂತಿ ಎಳೆಯದೆ, ಪ್ರತಿಯೊಂದೂ ನಿಗಮದ ಒಂದೇ ಕಿಂಡಿಯನ್ನು ಸೇರುವಂತೆ ಅದು ಏರ್ಪಡಿಸಿತು.

ಆ ಕಿಂಡಿಗೇ ಇಂದಿನ ಗಣಕಲೋಕದಲ್ಲಿ ಎಪಿಐ ಎಂದು ಹೆಸರು. ರೈಲ್ವೆ ನಿಲ್ದಾಣದಲ್ಲಿ ಸ್ಥಳ ಕಾದಿರಿಸುವ ಕಿಂಡಿಯನ್ನು ವಾಚಕರು ನೆನೆದುಕೊಳ್ಳಬಹುದು. ಅಚ್ಚಾದ ಅರ್ಜಿಯ ನಮೂನೆ ಇದೆ. ಗಾಡಿಯ ಸಂಖ್ಯೆ, ತಾರೀಖು, ಪ್ರಯಾಣಿಕರ ಹೆಸರು, ವಯಸ್ಸು ಇವನ್ನು ತುಂಬಿ ಕೊಟ್ಟರೆ ಒಳಗಿನಿಂದ ಟಿಕೇಟು ಬರುವುದು, ಇಲ್ಲವೆ ಸ್ಥಳವಿಲ್ಲವೆಂಬ ಉತ್ತರ ಬರುವುದು. ಒಳಗೆ ಯಾವ ಯಂತ್ರವಿದೆ, ಯಾರು ಕುಳಿತಿದ್ದಾರೆ ಎಂಬುದನ್ನು ನಾವು ತಿಳಿಯಬೇಕಾಗಿಲ್ಲ. ಒಳಗಿನ ಏರ್ಪಾಡು ಬದಲಾದರೂ ನಮೂನೆಯು ಬದಲಾಗದಿದ್ದರೆ ನಮಗೆ ತೊಂದರೆಯಿಲ್ಲ. ಅಂತೆಯೇ ಲೆಕ್ಕದ ತಂತ್ರಾಂಶವು "ಗಿರಾಕಿಯ ಸಂಖ್ಯೆಯನ್ನು ಕೊಟ್ಟರೆ ಅವನ ಬಾಕಿಯನ್ನು ತಿಳಿಸುವೆನು" ಎಂಬ ಒಂದು ಕಿಂಡಿಯನ್ನು ತೆರೆದಿಟ್ಟರೆ, ಮಾರಾಟದ ತಂತ್ರಾಂಶವೂ ಕೇಳಬಹುದು, ಉಗ್ರಾಣದ್ದೂ ಕೇಳಬಹುದು, ಊರೂರು ತಿರುಗುವ ಮಾರಾಟಗಾರನ ಕೈಯ ಮೊಬೈಲೂ ಕೇಳಬಹುದು. ಒಮ್ಮೆ ಕಟ್ಟಿದ ಕಿಂಡಿಯನ್ನು ಹತ್ತು ಮಂದಿ ಬಳಸುವುದೇ ಈ ವಿದ್ಯೆಯ ಜೀವಾಳ.

ಈ ಯೋಚನೆಯು ಗಣಕಯಂತ್ರದಷ್ಟೇ ಹಳೆಯದೆಂದು ಹೇಳಿದರೆ ಅತಿಶಯೋಕ್ತಿಯಾಗದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಡ್ಸ್ಯಾಕ್ ಎಂಬ ಯಂತ್ರವನ್ನು ನಡೆಸುತ್ತಿದ್ದ ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು 1951ರಲ್ಲಿಯೇ ಒಂದು ಗ್ರಂಥವನ್ನು ಪ್ರಕಟಿಸಿದರು. ಮತ್ತೆ ಮತ್ತೆ ಬೇಕಾಗುವ ಲೆಕ್ಕದ ತುಣುಕುಗಳನ್ನು ಕಾಗದದ ಪಟ್ಟಿಗಳಲ್ಲಿ ರಂಧ್ರ ಕೊರೆದು ಕಪಾಟಿನಲ್ಲಿ ಜೋಡಿಸಿಟ್ಟು, ಪ್ರತಿಯೊಂದನ್ನು ಹೇಗೆ ಬಳಸಬೇಕೆಂಬುದನ್ನು ಬರೆದಿಡುವ ಕ್ರಮವನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಆದರೆ ಒಂದು ಸಂಸ್ಥೆಯ ಯಂತ್ರವು ಇನ್ನೊಂದು ಸಂಸ್ಥೆಯ ಯಂತ್ರವನ್ನು ಅಂತರಜಾಲದ ಮೂಲಕ ಪ್ರಶ್ನಿಸುವ ಕಾಲ ಬರಲು ಅರ್ಧ ಶತಮಾನವೇ ಕಳೆಯಿತು. 2000ದಲ್ಲಿ ಅಮೆರಿಕದ ಸೇಲ್ಸ್‌ಫೋರ್ಸ್, ಈಬೇ ಕಂಪೆನಿಗಳು ಇಂತಹ ಕಿಂಡಿಗಳನ್ನು ಹೊರಗಿನವರಿಗೆ ತೆರೆದವು. ಅದೇ ವರ್ಷ ರಾಯ್ ಫೀಲ್ಡಿಂಗ್ ಎಂಬಾತನು ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಇವುಗಳ ರಚನೆಗೆ ಒಂದು ಸರಳವಾದ ಶೈಲಿಯನ್ನು ನಿರೂಪಿಸಿದನು. 2002ರ ಸುಮಾರಿಗೆ ಅಮೆಜಾನಿನ ಒಡೆಯ ಜೆಫ್ ಬೆಜೋಸನು, ತನ್ನ ಕಂಪೆನಿಯ ಒಂದು ವಿಭಾಗವು ಇನ್ನೊಂದರೊಡನೆ ಇಂತಹ ಕಿಂಡಿಗಳ ಮೂಲಕವಲ್ಲದೆ ವ್ಯವಹರಿಸಕೂಡದೆಂದೂ, ಪ್ರತಿಯೊಂದು ಕಿಂಡಿಯನ್ನೂ ನಾಳೆ ಹೊರಗಿನವರಿಗೆ ತೆರೆಯಲು ತಕ್ಕಂತೆ ಕಟ್ಟಬೇಕೆಂದೂ ಕಟ್ಟಪ್ಪಣೆ ಮಾಡಿದನೆಂದು, ಅಲ್ಲಿ ಕೆಲಸ ಮಾಡಿದ್ದ ಇಂಜಿನಿಯರೊಬ್ಬರು 2011ರಲ್ಲಿ ಬರೆದರು.

ಇದನ್ನೇ ಕಸುಬಾಗಿಸಿಕೊಂಡ ಕಂಪೆನಿಗಳೂ ಹುಟ್ಟಿದವು. 2006ರಲ್ಲಿ ಆರಂಭವಾದ ಒಂದರ ಹೆಸರು ಮ್ಯೂಲ್‌ಸಾಫ್ಟ್. ಮ್ಯೂಲ್ ಎಂದರೆ ಹೇಸರಗತ್ತೆ. ಜೋಡಣೆಯ ಕತ್ತೆದುಡಿಮೆಯನ್ನು ಇದು ಹೊರಲಿ ಎಂಬುದೇ ಹೆಸರಿನ ಅರ್ಥವಂತೆ. 2018ರಲ್ಲಿ ಸೇಲ್ಸ್‌ಫೋರ್ಸ್ ಇದನ್ನು ಸುಮಾರು 650 ಕೋಟಿ ಡಾಲರುಗಳಿಗೆ ಕೊಂಡಿತು, ಕತ್ತೆದುಡಿಮೆಗೂ ಬೆಲೆಯುಂಟು! ಅವರು ಬೋಧಿಸುವ ಕ್ರಮದಲ್ಲಿ ಕಿಂಡಿಗಳಿಗೆ ಮೂರು ಅಂತಸ್ತುಗಳು. ಕೆಳಗಿನದು ಒಂದೊಂದು ಹಳೆಯ ತಂತ್ರಾಂಶವನ್ನು ತೆರೆದು ತೋರಿಸುವುದು. ನಡುವಿನದು "ಬೇಡಿಕೆಯನ್ನು ಪೂರೈಸು" ಎಂಬಂತಹ ಒಂದು ವ್ಯವಹಾರವನ್ನು ಹೆಣೆಯುವುದು. ಮೇಲಿನದು ಕೇಳುವವನಿಗೆ ಒಪ್ಪುವಂತೆ ಉತ್ತರವನ್ನು ಉಣಬಡಿಸುವುದು. ದೊಡ್ಡ ಕಂಪೆನಿಗಳಿಗೆ ಇದು ಸರಿ. ನಾಲ್ಕು ಮಂದಿ ದುಡಿಯುವ ಅಂಗಡಿಗೆ ಮೂರು ಮಾಳಿಗೆ ಕಟ್ಟಿಕೊಡುವವರನ್ನು ಕಂಡರೆ ದೂರವಿರುವುದು ಲೇಸೆಂದು ನನ್ನ ಅಭಿಪ್ರಾಯ.

ನಮ್ಮ ಸಣ್ಣ ವರ್ತಕರನ್ನು ಈ ವಿದ್ಯೆಯ ಬಾಗಿಲಿಗೆ ತಂದು ನಿಲ್ಲಿಸಿದುದು ಅಮೆರಿಕದ ಕಂಪೆನಿಯಲ್ಲ, ನಮ್ಮ ಸರಕು ಮತ್ತು ಸೇವಾ ತೆರಿಗೆ. 2017ರ ಜುಲೈ 1ರಂದು ಜಾರಿಗೆ ಬಂದ ಈ ತೆರಿಗೆಯಲ್ಲಿ, ವರ್ತಕನು ವರ್ತಕನಿಗೆ ಬರೆಯುವ ಬಿಲ್ಲನ್ನು ಸರಕಾರದ ನೋಂದಣಿ ಜಾಲತಾಣದಲ್ಲಿ ದಾಖಲಿಸಬೇಕೆಂಬ ನಿಯಮವು 2020ರ ಅಕ್ಟೋಬರ್ 1ರಿಂದ ಬಂದಿತು. ಮೊದಲು 500 ಕೋಟಿ ರೂಪಾಯಿಗೆ ಮಿಕ್ಕಿದ ವಹಿವಾಟಿನವರಿಗೆ ಮಾತ್ರ ಇದ್ದುದು, ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರೆಲ್ಲರಿಗೂ ಅನ್ವಯಿಸಿತು. ನಮ್ಮ ಗುಮಾಸ್ತರ ಪೇಢಿಯು ಅಂದು ಈ ಸಾಲಿಗೆ ಸೇರಿತು.

ಇಲ್ಲಿ ನಡೆಯುವ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಪೇಢಿಯ ಲೆಕ್ಕದ ತಂತ್ರಾಂಶವು, ಬೆಂಗಳೂರಿನಲ್ಲಿ ಕೇಂದ್ರವಿರುವ ಟ್ಯಾಲಿಯಾಗಲಿ ಬೇರೆ ಯಾವುದೇ ಆಗಲಿ, ಬಿಲ್ಲಿನ ವಿವರಗಳನ್ನು ಜೆಸಾನ್ ಎಂಬ ಗೊತ್ತಾದ ಮಾದರಿಯಲ್ಲಿ ಬರೆದು ಕಿಂಡಿಗೆ ಕಳುಹಿಸುವುದು. ಮಾರುವವನ ತೆರಿಗೆ ಸಂಖ್ಯೆ, ಆರ್ಥಿಕ ವರ್ಷ, ಪತ್ರದ ಬಗೆ, ಬಿಲ್ಲಿನ ಸಂಖ್ಯೆ ಇವುಗಳಿಂದ 64 ಅಕ್ಷರಗಳ ಒಂದು ಗುರುತು ಹುಟ್ಟುವುದು. ಅದೇ ಬಿಲ್ಲನ್ನು ಮರುದಿನ ಮತ್ತೆ ಕಳುಹಿಸಿದರೆ ಅದೇ ಗುರುತೇ ಬರುವುದಾದ್ದರಿಂದ ಎರಡನೆಯದು ಸ್ವೀಕಾರವಾಗದು. ಜಾಲತಾಣವು ತನ್ನ ಸಹಿಯೊಡನೆ ಚೌಕಾಕಾರದ ಕ್ಯೂಆರ್ ಮುದ್ರೆಯನ್ನು ಹಿಂದಿರುಗಿಸಿದರೆ ಬಿಲ್ಲು ಊರ್ಜಿತವಾಯಿತು. ಅಲ್ಲಿಗೇ ಮುಗಿಯಲಿಲ್ಲ: ಅವೇ ವಿವರಗಳು ಮಾರಾಟದ ತಃಖ್ತೆಗೆ ತಾವಾಗಿಯೇ ಹೋಗಿ ಸೇರುವುವು, ಲಾರಿಯ ಸಂಖ್ಯೆಯನ್ನು ಸೇರಿಸಿದರೆ ಸರಕು ಸಾಗಿಸುವ ಇ-ವೇ ಬಿಲ್ಲೂ ಅವುಗಳಿಂದಲೇ ಸಿದ್ಧವಾಗುವುದು. ರಾಜ್ಯದ ಒಳಗಿನ ಸಾಗಾಟಕ್ಕೂ ಈ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಂದು ಎಲ್ಲರಿಗಿಂತ ಮೊದಲು ಜಾರಿಗೊಳಿಸಿದ ರಾಜ್ಯವು ಕರ್ನಾಟಕ. ಮೂರು ಸಲ ಬರೆಯುತ್ತಿದ್ದುದನ್ನು ಒಂದು ಸಲ ಬರೆದರೆ ಸಾಕಾಯಿತು.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕಿಂಡಿಯನ್ನು ಹೆಚ್ಚು ಮಂದಿ ನೆಚ್ಚಿದಷ್ಟೂ ಅದನ್ನು ಬದಲಿಸುವುದು ಕಷ್ಟ. 2019ರ ಆಗಸ್ಟ್ 30ರಂದು ಹಣಕಾಸು ಮಂತ್ರಿಗಳು ಬ್ಯಾಂಕುಗಳ ವಿಲೀನವನ್ನು ಸಾರಿದಾಗ, ಕೂಡಿಕೊಳ್ಳುವ ಬ್ಯಾಂಕುಗಳಲ್ಲಿ ಒಂದೇ ಬಗೆಯ ಮೂಲ ತಂತ್ರಾಂಶವಿರುವುದನ್ನು ಅನುಕೂಲಗಳಲ್ಲಿ ಒಂದಾಗಿ ಎಣಿಸಿದ್ದರು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, 1925ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ 2020ರ ಏಪ್ರಿಲ್ 1ರಂದು ಲೀನವಾದವು. ನಮ್ಮವರಲ್ಲಿ ಅನೇಕರಿಗೆ ಅದು ಹಿರಿಯರ ಮನೆಯನ್ನು ಮಾರಿದ ದಿನದಂತಿತ್ತು. ಆದರೆ ಯಂತ್ರಗಳ ಲೋಕದಲ್ಲಿ ಆ ಹೆಸರು ಕೂಡಲೆ ಅಳಿಯಲಿಲ್ಲ. ಸಿಂಡಿಕೇಟ್ ಬ್ಯಾಂಕಿನ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಗುರುತುಗಳು 2021ರ ಜೂನ್ 30ರವರೆಗೂ ನಡೆದವು. ಸಂಬಳದ ಪಟ್ಟಿಗಳಲ್ಲಿ, ವಿಮೆಯ ಕಡತಗಳಲ್ಲಿ, ಬಾಡಿಗೆ ಪಾವತಿಯ ತಂತ್ರಾಂಶಗಳಲ್ಲಿ ಅಡಗಿ ಕುಳಿತ ಆ ಗುರುತುಗಳನ್ನೆಲ್ಲ ಹುಡುಕಿ ತೆಗೆಯಲು ಅಷ್ಟು ಕಾಲ ಬೇಕಾಯಿತು. ಕಿಂಡಿಯನ್ನು ಮುಚ್ಚುವವನು ಮುಂಚಿತವಾಗಿ ತಿಳಿಸಿ, ಹಳೆಯದನ್ನೂ ಹೊಸದನ್ನೂ ಕೆಲಕಾಲ ಒಟ್ಟಿಗೆ ನಡೆಸುವುದು ಈ ಕಸುಬಿನ ಮರ್ಯಾದೆ. ಎಲ್ಲರೂ ಅದನ್ನು ಪಾಲಿಸುವುದಿಲ್ಲ.

ಮರೆತ ಕಿಂಡಿಯು ಇನ್ನೂ ಅಪಾಯಕಾರಿ. 2022ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಆಪ್ಟಸ್ ಎಂಬ ದೂರವಾಣಿ ಕಂಪೆನಿಯ ಸುಮಾರು 95 ಲಕ್ಷ ಗಿರಾಕಿಗಳ ವಿವರಗಳು ಕಳ್ಳರ ಪಾಲಾದವು. ಅಲ್ಲಿಯ ಸರಕಾರಿ ಸಂಸ್ಥೆಯು ನ್ಯಾಯಾಲಯಕ್ಕೆ ತಿಳಿಸಿದಂತೆ, ಬಳಕೆಯಲ್ಲಿಲ್ಲದೆ ಉಳಿದಿದ್ದ ಒಂದು ಎಪಿಐ ಕಿಂಡಿಯ ಕಾವಲಿನಲ್ಲಿ 2018ರಿಂದಲೇ ದೋಷವಿದ್ದಿತು. ಮುಖ್ಯ ತಾಣದಲ್ಲಿ ಅದನ್ನು 2021ರಲ್ಲಿ ಸರಿಪಡಿಸಿದವರು ಈ ಮೂಲೆಯದನ್ನು ಮರೆತಿದ್ದರು. ಆದ್ದರಿಂದ ಜೋಡಣೆಯನ್ನು ಮಾಡಿಸಿಕೊಳ್ಳುವ ನಮ್ಮ ವರ್ತಕರು, ಕಿಂಡಿಗಳು ಎಷ್ಟು, ಪ್ರತಿಯೊಂದರ ಬೀಗದ ಕೈ ಯಾರ ಬಳಿ ಇದೆ, ಉತ್ತರ ಬಾರದಿದ್ದರೆ ಯಾರನ್ನು ಕೇಳಬೇಕು, ಒಂದೊಂದು ಕೇಳಿಕೆಗೂ ಮುಂದೆ ದರ ಹೇರುವರೋ ಹೇಗೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಯಂತ್ರವನ್ನು ನಂಬಿದರೂ ಪಟ್ಟಿಯನ್ನು ಬಿಡಬಾರದು.

ಇನ್ನು ನಮ್ಮ ಗುಮಾಸ್ತರ ಕಥೆ. ತಂತಿಯ ಕೆಲಸವನ್ನು ಯಂತ್ರವು ಕಿತ್ತುಕೊಂಡಿತು. ಅವರೊಡನೆ ಬೆರಳಚ್ಚು ಮಾಡುತ್ತಿದ್ದ ಇಬ್ಬರು ಕಿರಿಯರಿಗೆ ಪೇಢಿಯಲ್ಲಿ ಕೆಲಸವಿಲ್ಲವಾಯಿತು. ಒಬ್ಬನು ಊರಿಗೆ ಮರಳಿದನು. ಇನ್ನೊಬ್ಬನು ಠಾಣೆಯಲ್ಲಿ ಬೇರೆ ಕೆಲಸ ಹಿಡಿದನೆಂದು ಕೇಳಿದೆ. ಇದನ್ನು ಮುಚ್ಚಿಟ್ಟು ಸುಧಾರಣೆಯನ್ನು ಹೊಗಳುವುದು ನನಗೆ ಸೇರದು. ಇವರನ್ನು ಮಾತ್ರ ಮಾಲಿಕರು ಉಳಿಸಿಕೊಂಡರು.

ಕಳೆದ ಬಾರಿ ಹೋದಾಗ ಅವರ ಮುಂದೆ ಒಂದೇ ಪರದೆಯಿತ್ತು. ಅದರಲ್ಲಿ ಕಿಂಡಿಯಿಂದ ತಿರಸ್ಕೃತವಾಗಿ ಬಂದ ಬಿಲ್ಲುಗಳ ಪಟ್ಟಿ. ಒಂದು ಬಿಲ್ಲಿನಲ್ಲಿ ಗಿರಾಕಿಯ ಪಿನ್ ಸಂಖ್ಯೆಯು ರಾಜ್ಯದ ಗುರುತಿಗೆ ಹೊಂದುವುದಿಲ್ಲವೆಂದು ಉತ್ತರ ಬಂದಿತ್ತು: ರಾಜ್ಯದ ಗುರುತು 29, ಅಂದರೆ ಕರ್ನಾಟಕ, ಪಿನ್ ಸಂಖ್ಯೆ ಕೊಲ್ಲಾಪುರದ್ದು. ಪಕ್ಕದ ಹುಡುಗನು ಪಿನ್ನನ್ನು ನಿಪ್ಪಾಣಿಯದಕ್ಕೆ ತಿದ್ದಲು ಕೈಯಿಟ್ಟನು. "ತಡೆ ಮಗಾ" ಎಂದರು ಇವರು. ಆ ನಿಪ್ಪಾಣಿಯ ಮನೆತನದಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಕಿರಿಯವನು ಕೊಲ್ಲಾಪುರದಲ್ಲಿ ಬೇರೆ ಅಂಗಡಿ ತೆರೆದುದು ಅವರಿಗೆ ಗೊತ್ತಿತ್ತು, ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ದೂರವಾಣಿ ಎತ್ತಿ ಮರಾಠಿಯಲ್ಲಿ ಕ್ಷೇಮಸಮಾಚಾರ ಕೇಳಿ, 27ರಿಂದ ಆರಂಭವಾಗುವ ಹೊಸ ತೆರಿಗೆ ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಬರೆದುಕೊಂಡರು. ಅದೇ ಹಳೆಯ ಪೆನ್ಸಿಲು, ಅದೇ ಬಗೆಯ ಚೀಟಿ. ಬಿಲ್ಲನ್ನು ಮತ್ತೆ ಕಳುಹಿಸಿದರು. ನಾನು ಚಹದ ಲೋಟವನ್ನು ಕೆಳಗಿಡುವುದರೊಳಗೆ 64 ಅಕ್ಷರಗಳು ಪರದೆಯ ಮೇಲೆ ಬಂದು ನಿಂತವು.