ಪಡಿತರ ಚೀಟಿಯೂ ಒಂದು ಅಮಾನತ್

ಜುಮಾ ನಮಾಝ್ ಮುಗಿದ ಮೇಲೆ ಮಸೀದಿಗೆ ಬರುವ ಪ್ರಶ್ನೆಗಳು ಹೆಚ್ಚಾಗಿ ಆಸ್ತಿಯ ಪಾಲು, ಬಡ್ಡಿ, ಝಕಾತ್‌ಗೆ ಸಂಬಂಧಿಸಿದವು. ಈಚೆಗೆ ಇವುಗಳ ಜೊತೆ ಇನ್ನೊಂದು ಸೇರಿಕೊಂಡಿದೆ: “ಉಸ್ತಾದ್, ರೇಷನ್ ಅಕ್ಕಿ ಮಾರಿದರೆ ತಪ್ಪೇ? ನಮ್ಮ ಕಾರ್ಡಿನ ಅಕ್ಕಿ ತಾನೇ?” ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆ ಕಾರ್ಡ್ ಏನು, ಅದರಲ್ಲಿ ನಮ್ಮ ಹಕ್ಕು ಎಷ್ಟು ಎಂಬುದನ್ನು ತಿಳಿದುಕೊಳ್ಳೋಣ.

ಹಕ್ಕು ಎಷ್ಟು?

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಂತ್ಯೋದಯ ಕಾರ್ಡ್ ಇರುವ ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ. ಧಾನ್ಯ ಸಿಗಬೇಕು. ನಾವು ಬಿಪಿಎಲ್ ಎಂದು ಕರೆಯುವ ಆದ್ಯತಾ ಕಾರ್ಡಿನಲ್ಲಿ ಪ್ರತಿ ಸದಸ್ಯರಿಗೆ 5 ಕೆ.ಜಿ. ಅಂದರೆ ಆರು ಮಂದಿಯ ಮನೆಗೆ 30 ಕೆ.ಜಿ. 2023ರ ಜನವರಿಯಿಂದ ಈ ಧಾನ್ಯಕ್ಕೆ ಹಣ ಕೊಡಬೇಕಾಗಿಲ್ಲ. ಇದರ ಮೇಲೆ ನಮ್ಮ ರಾಜ್ಯ ಅನ್ನಭಾಗ್ಯ ಯೋಜನೆಯಲ್ಲಿ ಕೊಡುವ ಪಾಲು ಆಗಾಗ ಬದಲಾಗುತ್ತದೆ. ಆಯಾ ತಿಂಗಳ ಪ್ರಮಾಣವನ್ನು ಅಂಗಡಿಯ ಫಲಕದಲ್ಲಿ ನೋಡಿಕೊಳ್ಳಬೇಕು. ಇದೇ ಕಾಯ್ದೆಯ ಪ್ರಕಾರ ಮನೆಯ 18 ವರ್ಷ ದಾಟಿದ ಹಿರಿಯ ಮಹಿಳೆಯೇ ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ.

ಇದು ಕಾನೂನು ಕೊಟ್ಟ ಹಕ್ಕು. ಅರ್ಹರು ಇದನ್ನು ಪಡೆಯಲು ನಾಚಿಕೊಳ್ಳಬೇಕಾಗಿಲ್ಲ. ಸ್ವಾಭಿಮಾನದಿಂದ ಯಾರಲ್ಲೂ ಕೈಚಾಚದ ಬಡವರನ್ನು ತಿಳಿಯದವರು ಸ್ಥಿತಿವಂತರೆಂದು ಭಾವಿಸುತ್ತಾರೆ ಎಂಬ ಮಾತು ಸೂರಃ ಅಲ್ ಬಕರಃದಲ್ಲಿದೆ. ಅಂತಹ ಮನೆಗಳು ನಮ್ಮ ಮೊಹಲ್ಲಾದಲ್ಲೂ ಇವೆ. ಸಾಲಿನಲ್ಲಿ ನಿಂತವರನ್ನು ನೋಡಿ ನಗುವುದು ಮುಸಲ್ಮಾನರಿಗೆ ಸಲ್ಲದು.

ಅಂಗಡಿಯಲ್ಲಿ ಗಮನಿಸಬೇಕಾದದ್ದು

ಕಾರ್ಡಿನಲ್ಲಿ ಹೆಸರಿರುವ ಯಾವುದೇ ಸದಸ್ಯರು ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಬೀಡಿ ಕಟ್ಟಿ, ಕಲ್ಲು ಹೊತ್ತು ಬೆರಳು ಸವೆದ ಹಿರಿಯರ ಗುರುತನ್ನು ಯಂತ್ರ ಕೆಲವೊಮ್ಮೆ ಹಿಡಿಯುವುದಿಲ್ಲ. ಆಗ ಮನೆಯ ಬೇರೆ ಸದಸ್ಯರು ಪ್ರಯತ್ನಿಸಲಿ, ಅಥವಾ ಮೊಬೈಲ್‌ಗೆ ಬರುವ ಒಟಿಪಿಯ ಬಗ್ಗೆ ಕೇಳಲಿ. ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಕೇಂದ್ರ ಸರಕಾರದ ಸೂಚನೆಯೇ ಇದೆ. ಹಾಗೆ ಕಳುಹಿಸಿದರೆ, ತೂಕ ಕಡಿಮೆಯಾದರೆ ಅಥವಾ ಹಣ ಕೇಳಿದರೆ 1967ಕ್ಕೆ ಕರೆ ಮಾಡಿ ದೂರು ಕೊಡಿ.

ಊರು ಬಿಟ್ಟು ದುಡಿಯುವವರಿಗೂ ಒಂದು ದಾರಿ ಇದೆ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಕಲಬುರಗಿಯ ಕುಟುಂಬ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದರೆ ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. ಹೊರರಾಜ್ಯದಲ್ಲಿದ್ದರೆ ಕೇಂದ್ರದ ಪಾಲು ಸಿಗುತ್ತದೆ. ಇದಕ್ಕೆ ಸದಸ್ಯರ ಆಧಾರ್ ಜೋಡಣೆ ಮತ್ತು ಇ-ಕೆವೈಸಿ ಆಗಿರಬೇಕು. ಹುಟ್ಟಿದ ಮಗುವಿನ ಹೆಸರನ್ನು ಸೇರಿಸುವುದು ಹೇಗೆ ಹಕ್ಕೋ, ಮರಣ ಹೊಂದಿದವರ ಮತ್ತು ಮದುವೆಯಾಗಿ ಹೋದ ಮಗಳ ಹೆಸರನ್ನು ತೆಗೆಸುವುದು ಹಾಗೆಯೇ ಹೊಣೆ.

ಮಾರಬಹುದೇ?

ಈಗ ಮೂಲ ಪ್ರಶ್ನೆಗೆ ಬರೋಣ. ಕರಾವಳಿಯ ಅನೇಕ ಮನೆಗಳಲ್ಲಿ ಕುಚ್ಚಲಕ್ಕಿಯ ಗಂಜಿಯೇ ಊಟ. ಅಂಗಡಿಯಲ್ಲಿ ಬೆಳ್ತಿಗೆ ಅಕ್ಕಿ ಕೊಟ್ಟರೆ ಅದು ಮೂಲೆಯಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ಚೀಲ ಹಿಡಿದ ವ್ಯಾಪಾರಿ ಮನೆ ಬಾಗಿಲಿಗೆ ಬರುತ್ತಾನೆ. ಆದರೂ ಮಾರಬಾರದು. ಈ ಅಕ್ಕಿಯನ್ನು ಕುಟುಂಬದ ಊಟಕ್ಕೆಂಬ ಷರತ್ತಿನ ಮೇಲೆ ಕೊಡಲಾಗಿದೆ. ಮುಸಲ್ಮಾನರು ತಾವು ಒಪ್ಪಿದ ಷರತ್ತಿಗೆ ಬದ್ಧರು ಎಂಬುದು ಪ್ರವಾದಿ(ಸ)ರ ಬೋಧನೆ. ಕಾನೂನಿನಂತೆಯೂ ಪಡಿತರ ಧಾನ್ಯವನ್ನು ಸಂತೆಗೆ ಸಾಗಿಸುವುದು ಅಪರಾಧ. ನಾವು ಮಾರಿದ ಅಕ್ಕಿ ಪಾಲಿಶ್ ಆಗಿ, ಹೊಸ ಚೀಲ ಸೇರಿ, ಕಾರ್ಡ್ ಇಲ್ಲದ ಇನ್ನೊಬ್ಬ ಬಡವನಿಗೆ ಹೆಚ್ಚಿನ ಬೆಲೆಗೆ ಮಾರಾಟವಾಗಬಹುದು.

ಧಾನ್ಯದ ಚೀಟಿಯ ವಿಷಯ ಇಸ್ಲಾಮೀ ಇತಿಹಾಸಕ್ಕೆ ಹೊಸದಲ್ಲ. ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿ ಒಂದು ಘಟನೆ ಇದೆ. ಮರ್ವಾನ್ ಮದೀನಾದ ಗವರ್ನರ್ ಆಗಿದ್ದಾಗ ಅಲ್ ಜಾರ್ ಬಂದರಿಗೆ ಬಂದ ಧಾನ್ಯಕ್ಕಾಗಿ ಜನರಿಗೆ ಚೀಟಿ ಕೊಡಲಾಗುತ್ತಿತ್ತು. ಧಾನ್ಯ ಕೈಗೆ ಬರುವ ಮೊದಲೇ ಜನರು ಚೀಟಿಗಳನ್ನು ಕೊಂಡು ಮಾರತೊಡಗಿದರು. ಹಝ್ರತ್ ಝೈದ್ ಬಿನ್ ಸಾಬಿತ್(ರ) ಮತ್ತು ಇನ್ನೊಬ್ಬ ಸಹಾಬಿ ಹೋಗಿ ಆಕ್ಷೇಪಿಸಿದಾಗ ಮರ್ವಾನ್ ಕಾವಲುಗಾರರನ್ನು ಕಳುಹಿಸಿ ಆ ಚೀಟಿಗಳನ್ನು ಹಿಂಪಡೆದು ಅದರ ಹಕ್ಕುದಾರರಿಗೆ ಮರಳಿಸಿದನು. ಅಲ್ಲಿನ ಆಕ್ಷೇಪ ಕೈಗೆ ಬಾರದ ಸರಕಿನ ವ್ಯಾಪಾರದ ಕುರಿತದ್ದು. ನಮ್ಮ ಅಕ್ಕಿಯ ವಿಷಯದಲ್ಲಿ ಷರತ್ತಿನ ಉಲ್ಲಂಘನೆಯೇ ಕಾರಣ. ಆದರೂ ಬಡವರ ಪಾಲಿನ ಧಾನ್ಯವನ್ನು ವ್ಯಾಪಾರಕ್ಕೆ ಬಿಡದಂತೆ ಸಹಾಬಿಗಳು ಎಷ್ಟು ಎಚ್ಚರ ವಹಿಸಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಬೆಳ್ತಿಗೆ ಅಕ್ಕಿಯಿಂದ ದೋಸೆ, ರೊಟ್ಟಿ, ಪತ್ತಿರಿ ಆಗುತ್ತದೆ. ಹೆಚ್ಚಾಗಿದ್ದರೆ ಅನ್ನ ಮಾಡಿ ಹಸಿದ ನೆರೆಯವರಿಗೆ ಉಣಿಸಿ. ಸಾಲಕ್ಕಾಗಿ ಕಾರ್ಡನ್ನೇ ಅಡವಿಡುವ ಪದ್ಧತಿ ಇನ್ನೂ ಕೆಟ್ಟದ್ದು. ಮಕ್ಕಳ ತುತ್ತನ್ನು ಅಡವಿಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಅರ್ಹತೆ ಇಲ್ಲದವರು

ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರರು, ಸ್ವಂತ ಓಡಾಟಕ್ಕೆ ಕಾರ್ ಇರುವವರು, ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ದಾಟಿದವರು ರಾಜ್ಯದ ನಿಯಮದಂತೆ ಬಿಪಿಎಲ್ ಕಾರ್ಡಿಗೆ ಅರ್ಹರಲ್ಲ. “ಅಕ್ಕಿಗಾಗಿ ಅಲ್ಲ, ಆಸ್ಪತ್ರೆ ಖರ್ಚಿಗೆ ಇರಲಿ” ಎಂದು ಕೆಲವರು ಇಟ್ಟುಕೊಳ್ಳುತ್ತಾರೆ. ಝಕಾತ್ ಕೊಡಬೇಕಾದವನೇ ಝಕಾತ್ ಪಡೆಯಲು ಸಾಲಿನಲ್ಲಿ ನಿಂತರೆ ನಾವು ಏನೆನ್ನುತ್ತೇವೆ? ಸುಳ್ಳು ಆದಾಯ ಬರೆದು ಪಡೆದ ಕಾರ್ಡಿಗೂ ಅದೇ ಮಾತು. ಅಂಥವರು ಕಾರ್ಡನ್ನು ಆಹಾರ ಇಲಾಖೆಗೆ ತಾವಾಗಿಯೇ ಒಪ್ಪಿಸಲಿ. ತೌಬಾದ ಮೊದಲ ಹೆಜ್ಜೆ ಅದೇ.

ಅಂಗಡಿ ನಡೆಸುವ ಸಹೋದರರಿಗೂ ಒಂದು ಮಾತು. ಪಡೆಯುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿತ ಮಾಡುವವರ ನಾಶವನ್ನು ಸೂರಃ ಅಲ್ ಮುತಫ್ಫಿಫೀನ್ ಸಾರುತ್ತದೆ. ಇಂದು ಬೆರಳಚ್ಚು ತೆಗೆದು ಅಕ್ಕಿಗೆ ಇನ್ನೊಂದು ದಿನ ಬರಹೇಳುವುದು, ಕಾರ್ಡ್‌ದಾರರ ತೂಕದಲ್ಲಿ ಒಂದೆರಡು ಕೆ.ಜಿ. ಉಳಿಸಿಕೊಳ್ಳುವುದು ಅದರಲ್ಲೇ ಸೇರುತ್ತವೆ.

ಜಮಾಅತ್‌ನ ಯುವಕರು ತಿಂಗಳಿಗೊಮ್ಮೆ ಜುಮಾದ ನಂತರ ಒಂದು ಗಂಟೆ ಕುಳಿತು ವಿಧವೆಯರ, ಹಿರಿಯರ ಕಾರ್ಡಿನ ಇ-ಕೆವೈಸಿ, ಹೆಸರು ತಿದ್ದುಪಡಿಗೆ ನೆರವಾದರೆ ಅದು ದೊಡ್ಡ ಸದಕಾ.

ನಮ್ಮ ಹಕ್ಕನ್ನು ಪೂರ್ತಿಯಾಗಿ ಪಡೆಯೋಣ. ಇತರರ ಪಾಲಿಗೆ ಕೈ ಹಾಕದಿರೋಣ. ಅಲ್ಲಾಹನು ನಮ್ಮ ಮನೆಗಳ ಅನ್ನವನ್ನು ಹಲಾಲ್ ಮಾಡಲಿ, ಅದರಲ್ಲಿ ಬರ್ಕತ್ ನೀಡಲಿ. ಆಮೀನ್.