ಇಟಾಲಿಯನ್ ಕ್ರಿಯಾಪದ: ಕೋಷ್ಟಕದಾಚೆಗಿನ ವ್ಯಾಕರಣ

ಇಟಾಲಿಯನ್ ಕಲಿಯಲು ಹೊರಟವರ ಕೈಗೆ ಮೊದಲು ಬಂದು ಸೇರುವುದು ಕ್ರಿಯಾಪದಗಳ ಕೋಷ್ಟಕ. ಒಂದೊಂದು ಧಾತುವಿಗೂ ಮೂರು ಪುರುಷ, ಎರಡು ವಚನಗಳ ಲೆಕ್ಕದಲ್ಲಿ ಆರು ರೂಪಗಳಿದ್ದು, ಅವು ಕಾಲದಿಂದ ಕಾಲಕ್ಕೆ ಬದಲಾಗುತ್ತ ಹೋಗುವುದರಿಂದ, ಒಂದೇ ಕ್ರಿಯಾಪದದ ರೂಪಗಳು ಪುಟಗಟ್ಟಲೆ ಹರಡಿಕೊಳ್ಳುತ್ತವೆ. ಇಷ್ಟನ್ನೂ ಬಾಯಿಪಾಠ ಮಾಡಿದರೆ ಭಾಷೆ ಬಂದಂತೆಯೇ ಎಂಬ ನಂಬಿಕೆ ಕಲಿಯುವವರಲ್ಲಿಯೂ ಕಲಿಸುವವರಲ್ಲಿಯೂ ಉಂಟು. ಆದರೆ ಈ ರೂಪಗಳ ಸಂಖ್ಯೆ ಹೆದರಿಸುವಷ್ಟಿದ್ದರೂ ಅವುಗಳ ಹಿಂದಿನ ಕ್ರಮ ಬಹುಮಟ್ಟಿಗೆ ಸರಳವಾದದ್ದು. ಕಲಿಕೆ ನಿಜವಾಗಿ ಎಡವುವುದು ಯಾವ ರೂಪ ಎಲ್ಲಿ ಬರಬೇಕೆಂಬಲ್ಲಿ, ಅಂದರೆ ಮಾತಾಡುವವರು ತಮ್ಮ ಮಾತಿನ ಬಗ್ಗೆ ತಳೆದ ನಿಲುವನ್ನು ಪ್ರತ್ಯಯದಲ್ಲಿಯೇ ತೋರಿಸಬೇಕಾದ ಕಡೆ.

ರೂಪಗಳ ವಿಚಾರ ಮೊದಲು. ಲ್ಯಾಟಿನ್ನಿನಲ್ಲಿ ನಾಲ್ಕು ಧಾತುಗಣಗಳಿದ್ದವು. ಇಟಾಲಿಯನ್ನಿಗೆ ಬರುವಾಗ ಎರಡು ಬೆರೆತು, ‘-ಆರೆ’, ‘-ಎರೆ’, ‘-ಈರೆ’ ಎಂದು ಮುಗಿಯುವ ಮೂರು ಗಣಗಳು ಉಳಿದವು. ಪಾರ್ಲಾರೆ ಎಂದರೆ ಮಾತಾಡುವುದು, ಸ್ಕ್ರೀವೆರೆ ಎಂದರೆ ಬರೆಯುವುದು, ದೊರ್ಮೀರೆ ಎಂದರೆ ನಿದ್ರಿಸುವುದು. ಬೆರೆತ ಎರಡು ಗಣಗಳ ಗುರುತು ಇಂದಿಗೂ ಸ್ವರಭಾರದಲ್ಲಿ ಉಳಿದಿದೆ: ‘ನೋಡುವುದು’ ಎಂಬ ಅರ್ಥದ ವೆದೇರೆಯಲ್ಲಿ ಒತ್ತು ಪ್ರತ್ಯಯದ ಮೇಲೆ ಬಿದ್ದರೆ, ಸ್ಕ್ರೀವೆರೆಯಲ್ಲಿ ಧಾತುವಿನ ಮೇಲೆಯೇ ಬೀಳುತ್ತದೆ. ಪಾರ್ಲಾರೆಯ ವರ್ತಮಾನ ರೂಪಗಳು ಪಾರ್ಲೊ, ಪಾರ್ಲಿ, ಪಾರ್ಲ, ಪರ್ಲ್ಯಾಮೊ, ಪರ್ಲಾತೆ, ಪಾರ್ಲನೊ. ‘ಮಾತಾಡುತ್ತೇನೆ’ ಎಂದರೆ ಸಾಕು, ‘ನಾನು’ ಬೇಡ ಎಂಬುದು ಕನ್ನಡಿಗರಿಗೆ ಹೊಸ ಮಾತಲ್ಲವಾದ್ದರಿಂದ ಇಲ್ಲಿ ಸರ್ವನಾಮ ಬಿಟ್ಟುಹೋಗುವುದು ಅವರನ್ನು ಕಾಡುವುದಿಲ್ಲ. ಅಲ್ಲದೆ ಕನ್ನಡದ ಹಾಗೆ ‘ಮಾತಾಡುತ್ತಾನೆ’, ‘ಮಾತಾಡುತ್ತಾಳೆ’ ಎಂದು ಲಿಂಗಭೇದವನ್ನೂ ಗಮನಿಸಬೇಕಾಗಿಲ್ಲ. ಕಾಡುವುದು ಸ್ವರಭಾರ. ‘ಅವರು ಮಾತಾಡುತ್ತಾರೆ’ ಎಂಬರ್ಥದ ಪಾರ್ಲನೊದಲ್ಲಿ ಒತ್ತು ಮೊದಲ ಅಕ್ಷರದ ಮೇಲಿರಬೇಕು, ಕಲಿಯುವವರು ಅದನ್ನು ಎಳೆದು ನಡುವಿಗೆ ತಂದುಬಿಡುತ್ತಾರೆ. ಪಾರ್ಲೊ ಎಂದು ಮೊದಲಕ್ಷರಕ್ಕೆ ಒತ್ತು ಕೊಟ್ಟರೆ ‘ನಾನು ಮಾತಾಡುತ್ತೇನೆ’ ಎಂದಾಗುತ್ತದೆ, ಪರ್ಲೋ ಎಂದು ಕೊನೆಯಲ್ಲಿ ಒತ್ತಿದರೆ ‘ಅವನು ಮಾತಾಡಿದ’ ಎಂದು ಪುರುಷವೂ ಕಾಲವೂ ಒಟ್ಟಿಗೆ ಬದಲಾಗುತ್ತವೆ. ಮುದ್ರಿತ ಕೋಷ್ಟಕವನ್ನು ಕಣ್ಣಿನಿಂದ ಮಾತ್ರ ಓದಿದವರಿಗೆ ಈ ವ್ಯತ್ಯಾಸ ಕೈಗೆ ಸಿಗುವುದು ಕಷ್ಟ.

ಕ್ರಮ ತಪ್ಪಿದಂತೆ ತೋರುವ ಕಡೆಗಳಲ್ಲಿಯೂ ಒಂದು ಒಳಕ್ರಮ ಇದ್ದೇ ಇರುತ್ತದೆ. ಬರೆಯುವ ಕ್ರಿಯೆಯ ದೂರದ ಭೂತಕಾಲದಲ್ಲಿ ಸ್ಕ್ರಿಸ್ಸಿ, ಸ್ಕ್ರಿವೆಸ್ತಿ, ಸ್ಕ್ರಿಸ್ಸೆ, ಸ್ಕ್ರಿವೆಮ್ಮೊ, ಸ್ಕ್ರಿವೆಸ್ತೆ, ಸ್ಕ್ರಿಸ್ಸೆರೊ ಎಂಬ ಆರು ರೂಪಗಳಿದ್ದು, ಅವುಗಳಲ್ಲಿ ದಾರಿ ತಪ್ಪಿರುವುದು ‘ನಾನು’, ‘ಅವನು’, ‘ಅವರು’ ಎಂಬ ಮೂರು ಮಾತ್ರ. ಇಂಥ ಭೂತರೂಪವುಳ್ಳ ಬಹುತೇಕ ಕ್ರಿಯಾಪದಗಳು ಇದೇ ಮೂರು ಜಾಗಗಳಲ್ಲಿ ತಪ್ಪುವುದರಿಂದ, ಒಂದನ್ನು ಸರಿಯಾಗಿ ಕಲಿತವರಿಗೆ ಹತ್ತಾರು ಕ್ರಿಯಾಪದಗಳ ಜಾಡು ಸಿಗುತ್ತದೆ.

ಇನ್ನು ‘ಮೋದೊ’ ಎಂದು ಇಟಾಲಿಯನ್ ವ್ಯಾಕರಣಗಳು ಕರೆಯುವ ವಿಭಾಗ. ಕ್ರಿಯೆ ಯಾವಾಗ ನಡೆಯಿತೆಂಬುದನ್ನು ಕಾಲ ಹೇಳಿದರೆ, ಆ ಕ್ರಿಯೆಯನ್ನು ಮಾತಾಡುವವರು ಯಾವ ಬಗೆಯಲ್ಲಿ ಮುಂದಿಡುತ್ತಿದ್ದಾರೆ, ನಡೆದ ಸಂಗತಿಯೆಂದೋ, ಅಪ್ಪಣೆಯೆಂದೋ, ಷರತ್ತಿಗೆ ಒಳಪಟ್ಟದ್ದೆಂದೋ ಎಂಬುದನ್ನು ಮೋದೊ ಹೇಳುತ್ತದೆ. ಕನ್ನಡ ವ್ಯಾಕರಣಗಳ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳು ಇದೇ ಜಾತಿಯವು. ಸಾಂಪ್ರದಾಯಿಕ ಲೆಕ್ಕದಲ್ಲಿ ಇಟಾಲಿಯನ್ ಮೋದೊಗಳು ಏಳು. ಇವುಗಳಲ್ಲಿ ಇನ್‌ಫಿನೀತೊ, ಪಾರ್ತಿಚೀಪಿಯೊ, ಜೆರುಂದಿಯೊ ಎಂಬ ಮೂರು ಪುರುಷಪ್ರತ್ಯಯವಿಲ್ಲದವು. ಕನ್ನಡದ ಕೃದಂತಗಳನ್ನು ಬಲ್ಲವರು ಇವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ, ಏಕೆಂದರೆ ‘ಪರ್ಲಾಂದೊ’ ಎಂಬ ಜೆರುಂದಿಯೊ ಬಹುಮಟ್ಟಿಗೆ ‘ಮಾತಾಡುತ್ತಾ’ ಎಂಬುದರ ಕೆಲಸವನ್ನೇ ಮಾಡುತ್ತದೆ. ಉಳಿದ ನಾಲ್ಕರಲ್ಲಿ ಸಂಗತಿಯನ್ನು ಸಂಗತಿಯಾಗಿ ಹೇಳುವ ಇಂದಿಕಾತೀವೊ ಎಂಟು ಕಾಲಗಳನ್ನು ಹೊತ್ತಿದೆ, ಅಪ್ಪಣೆಯ ಇಂಪೆರಾತೀವೊ ಚಿಕ್ಕದು. ಮಿಕ್ಕ ಎರಡು, ಕೊಂದಿತ್ಸಿಯೊನಾಲೆ ಮತ್ತು ಕೊಂಜುಂತೀವೊ, ಗಮನವಿಟ್ಟು ನೋಡಬೇಕಾದವು.

ಕೊಂದಿತ್ಸಿಯೊನಾಲೆ, ಅಂದರೆ ಷರತ್ತಿನ ರೂಪ, ಲ್ಯಾಟಿನ್ನಿನಲ್ಲಿ ಇರಲೇ ಇಲ್ಲ. ಧಾತುವಿನ ಮೂಲರೂಪಕ್ಕೆ ‘ಹೊಂದಿರು’ ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ಅಂಟಿಕೊಂಡು ಪರ್ಲೆರೋ, ಅಂದರೆ ‘ಮಾತಾಡುವೆನು’ ಎಂಬ ಭವಿಷ್ಯತ್ತು ಹುಟ್ಟಿದಂತೆ, ಅದೇ ಸಹಾಯಕ ಕ್ರಿಯಾಪದದ ಭೂತರೂಪ ಅಂಟಿಕೊಂಡು ಪರ್ಲೆರೇಯಿ ಎಂಬ ಷರತ್ತಿನ ರೂಪ ಹುಟ್ಟಿತು. ‘ಸಮಯವಿದ್ದರೆ ಬಂದೇನು’ ಎಂಬಂಥ ವಾಕ್ಯಗಳ ಉತ್ತರಾರ್ಧ ಇದರ ಮೂಲ ಸ್ಥಾನವಾದರೂ ಇದರ ಬಳಕೆ ಅಲ್ಲಿಗೇ ನಿಂತಿಲ್ಲ. ಅಂಗಡಿಯಲ್ಲಿ ‘ಬೇಕು’ ಎನ್ನುವ ಬದಲು ವೊರ್ರೇಯಿ ಎಂದು ಸೌಜನ್ಯದಿಂದ ಕೇಳುವುದು ಇದೇ ರೂಪದಲ್ಲಿ. ಪತ್ರಿಕಾಭಾಷೆಯ ಬಳಕೆ ಇನ್ನೂ ಸ್ವಾರಸ್ಯದ್ದು: ವರದಿಗಾರರು ಖಚಿತಪಡಿಸಿಕೊಳ್ಳದ ಸುದ್ದಿಯನ್ನು ಷರತ್ತಿನ ರೂಪದಲ್ಲಿ ಬರೆದರೆ, ‘ಸಚಿವರು ಪ್ಯಾರಿಸಿನಲ್ಲಿದ್ದಾರೆ ಎನ್ನಲಾಗಿದೆ’ ಎಂದು ಕನ್ನಡ ಪತ್ರಿಕೆಗಳು ಬರೆಯುವ ಎಚ್ಚರಿಕೆಯೆಲ್ಲ ಒಂದು ‘ಸರೆಬ್ಬೆ’ಯಲ್ಲಿ ಅಡಗಿಬಿಡುತ್ತದೆ. ಇದನ್ನು ಅರಿಯದೆ ಇಟಾಲಿಯನ್ ಪತ್ರಿಕೆ ಓದುವವರು ವದಂತಿಯನ್ನು ನಡೆದ ಸಂಗತಿಯೆಂದು ತಿಳಿಯುವ ಅಪಾಯವಿದೆ.

ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ ಹುಟ್ಟಿಸಿರುವುದು ಕೊಂಜುಂತೀವೊ. ಮುಖ್ಯವಾಗಿ ಅಧೀನ ವಾಕ್ಯದಲ್ಲಿ, ‘ಕೆ’ ಎಂಬ ಸಂಯೋಜಕದ ನಂತರ ಬರುವ ರೂಪವಿದು. ‘ಮರಿಯಾ ಮನೆಯಲ್ಲಿದ್ದಾಳೆಂದು ಗೊತ್ತು’ ಎಂಬುದು ‘ಸೊ ಕೆ ಮರಿಯಾ ಎ ಆ ಕಾಸ’ ಎಂದಾದರೆ, ‘ಮನೆಯಲ್ಲಿದ್ದಾಳೆಂದು ಅಂದುಕೊಂಡಿದ್ದೇನೆ’ ಎನ್ನುವಾಗ ‘ಎ’ ಹೋಗಿ ‘ಸೀಯ’ ಬರಬೇಕು: ‘ಕ್ರೇದೊ ಕೆ ಮರಿಯಾ ಸೀಯ ಆ ಕಾಸ’. ಕನ್ನಡದಲ್ಲಿ ‘ಎಂದು’ ತನ್ನ ಹಿಂದಿನ ವಾಕ್ಯವನ್ನು ಇದ್ದಂತೆಯೇ ಎತ್ತಿಕೊಳ್ಳುತ್ತದೆ, ‘ಗೊತ್ತು’ ಬಂದರೂ ‘ಅಂದುಕೊಂಡಿದ್ದೇನೆ’ ಬಂದರೂ ‘ಇದ್ದಾಳೆ’ ಅಲುಗುವುದಿಲ್ಲ. ಕನ್ನಡಿಗರು ಇಲ್ಲಿ ಎಡವುವುದು ಇದೇ ಕಾರಣಕ್ಕೆ. ಸಂಭಾವನಾರ್ಥದ ನೆರವನ್ನು ನೆಚ್ಚಿಕೊಂಡರೂ ದಾರಿ ತಪ್ಪುತ್ತದೆ, ಏಕೆಂದರೆ ‘ಮರಿಯಾ ಮನೆಯಲ್ಲಿದ್ದಾಳು’ ಎಂಬ ಊಹೆಗೆ ಇಟಾಲಿಯನ್ ಬಳಸುವುದು ಕೊಂಜುಂತೀವೊವನ್ನಲ್ಲ, ‘ಸರಾ ಆ ಕಾಸ’ ಎಂಬ ಭವಿಷ್ಯತ್ತನ್ನು.

ಸಂಶಯವಿದ್ದಲ್ಲಿ ಕೊಂಜುಂತೀವೊ ಎಂಬ ಸೂತ್ರವನ್ನು ಅನೇಕ ಪಠ್ಯಗಳು ಕೊಡುತ್ತವೆ. ಅದು ಅರೆಸತ್ಯ. ‘ನಿನಗೆ ಹುಷಾರಿಲ್ಲದಿರುವುದು ಬೇಸರದ ಸಂಗತಿ’ ಎನ್ನುವಾಗ ಕಾಯಿಲೆಯ ಬಗ್ಗೆ ಯಾವ ಸಂಶಯವೂ ಇರದಿದ್ದರೂ ಬೇಸರದ ಕ್ರಿಯಾಪದದ ನಂತರ ಬರುವುದು ‘ಸೀಯ’ವೇ, ಇತ್ತ ‘ಸೆಕೊಂದೊ ಮೆ’, ಅಂದರೆ ‘ನನ್ನ ಪ್ರಕಾರ’ ಎಂದು ಬರೀ ಅಭಿಪ್ರಾಯ ಹೇಳುವಾಗ ‘ಎ’ಯೇ ಸರಿ. ‘ಮುಂಚೆ’ ಎಂಬರ್ಥದ ‘ಪ್ರೀಮ ಕೆ’ ಕೊಂಜುಂತೀವೊ ಬೇಡುತ್ತದೆ, ‘ಆಮೇಲೆ’ ಎಂಬರ್ಥದ ‘ದೋಪೊ ಕೆ’ ಸಾಮಾನ್ಯವಾಗಿ ಬೇಡುವುದಿಲ್ಲ. ಆದ್ದರಿಂದ ಈ ರೂಪವನ್ನು ತರ್ಕದಿಂದ ಕಂಡುಹಿಡಿಯಲು ಹೋಗದೆ, ಅದನ್ನು ಕರೆತರುವ ಪದಗಳ ಜೊತೆಯಲ್ಲಿಯೇ ಕಲಿಯುವುದು ಮೇಲು. ಅರ್ಥಭೇದ ನಿಚ್ಚಳವಾಗಿ ಕಾಣುವ ಕಡೆಗಳೂ ಇಲ್ಲದಿಲ್ಲ. ‘ಕೈತೋಟವುಳ್ಳ ಮನೆಯೊಂದನ್ನು ಹುಡುಕುತ್ತಿದ್ದೇನೆ’ ಎನ್ನುವಾಗ ‘ಆಬ್ಬಿಯ’ ಎಂಬ ಕೊಂಜುಂತೀವೊ ಬಳಸಿದರೆ ಅಂಥ ಯಾವ ಮನೆಯಾದರೂ ಆದೀತು ಎಂದಾಗುತ್ತದೆ, ‘ಆ’ ಎಂಬ ಇಂದಿಕಾತೀವೊ ಬಳಸಿದರೆ ಮನಸ್ಸಿನಲ್ಲಿ ನಿರ್ದಿಷ್ಟವಾದ ಒಂದು ಮನೆಯೇ ಇದೆಯೆಂದಾಗುತ್ತದೆ.

ಕೊಂಜುಂತೀವೊದಲ್ಲಿ ತಪ್ಪುವವರು ಪರದೇಶಿಗಳಷ್ಟೇ ಅಲ್ಲ. ಇಟಾಲಿಯನ್ನಿನ ಶಿಷ್ಟರೂಪ ಬೆಳೆದದ್ದು, 1525ರಲ್ಲಿ ಪ್ರಕಟವಾದ ವಿದ್ವಾಂಸ ಪಿಯೆತ್ರೊ ಬೆಂಬೊನ ಗ್ರಂಥ ಮಾದರಿಯಾಗಿ ಎತ್ತಿಹಿಡಿದ ಹದಿನಾಲ್ಕನೆಯ ಶತಮಾನದ ಫ್ಲಾರೆನ್ಸಿನ ಸಾಹಿತ್ಯಭಾಷೆಯ ಮೇಲೆ. 1861ರಲ್ಲಿ ದೇಶ ಒಂದಾದಾಗ ಜನರಲ್ಲಿ ಶೇ. 2.5ರಷ್ಟು ಮಂದಿ ಮಾತ್ರ ಇಟಾಲಿಯನ್ ಬಲ್ಲವರಾಗಿದ್ದರೆಂದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ ಅಂದಾಜಿಸಿದ್ದರು. ಆ ಅಂಕಿ ಕಡಿಮೆಯಾಯಿತೆಂದು ವಾದಿಸಿದ ವಿದ್ವಾಂಸರೂ ಬಹುಪಾಲು ಜನರ ಮನೆಮಾತು ಪ್ರಾದೇಶಿಕ ನುಡಿಗಳೇ ಆಗಿದ್ದವೆಂಬುದನ್ನು ಅಲ್ಲಗಳೆದಿಲ್ಲ. ಹೀಗೆ ಶಾಲೆಯ ಮೂಲಕ ಬಂದ ರೂಪವಾದ್ದರಿಂದಲೇ ಕೊಂಜುಂತೀವೊ ಓದಿದವರ ಗುರುತಾಯಿತು, ಅದರಲ್ಲಿ ತಪ್ಪುವುದು ನಗೆಗೆ ವಸ್ತುವಾಯಿತು. 1975ರಲ್ಲಿ ತೆರೆಕಂಡ ‘ಫಾಂತೊತ್ಸಿ’ ಚಲನಚಿತ್ರದ ಗುಮಾಸ್ತರು ಒಬ್ಬರಿಗೊಬ್ಬರು ಗೌರವ ಕೊಡಲು ಹೋಗಿ ಆಡುವ ತಪ್ಪು ರೂಪಗಳು ಇಂದಿಗೂ ಅಲ್ಲಿನ ಜನರ ಬಾಯಲ್ಲಿವೆ. ಈ ತಪ್ಪಿನೊಳಗೂ ಒಂದು ಲೆಕ್ಕಾಚಾರವಿದೆ. ‘-ಆರೆ’ ಗಣದಲ್ಲಿ ‘ಪಾರ್ಲ’ ಇದ್ದದ್ದು ಕೊಂಜುಂತೀವೊದಲ್ಲಿ ‘ಪಾರ್ಲಿ’ ಆಗುತ್ತದೆ, ಉಳಿದ ಗಣಗಳಲ್ಲಿ ‘ಸ್ಕ್ರೀವೆ’ ಇದ್ದದ್ದು ‘ಸ್ಕ್ರೀವ’ ಆಗುತ್ತದೆ. ‘ಹೋಗು’ ಎಂಬರ್ಥದ ಅಂದಾರೆ ಮೊದಲ ಗಣದ್ದೇ ಆಗಿ ಕಾಣುವುದರಿಂದ ಅದಕ್ಕೂ ‘ಇ’ಕಾರ ಹಚ್ಚಿ ‘ವಾದಿ’ ಎನ್ನುವವರು ನಿಯಮವನ್ನು ಮುರಿಯುತ್ತಿಲ್ಲ, ಅದನ್ನು ಅತಿಯಾಗಿ ಪಾಲಿಸುತ್ತಿದ್ದಾರೆ. ಸರಿಯಾದ ‘ವಾದ’ ಎಂಬ ರೂಪವೇ ಅಪವಾದ. ಅಪರಿಚಿತರನ್ನು ಮನ್ನಿಸಿ ಮಾತಾಡುವ ಇಟಾಲಿಯನ್ನಿನಲ್ಲಿ ‘ಬನ್ನಿ’, ‘ಕೇಳಿ’, ‘ಕ್ಷಮಿಸಿ’ ಎಂಬ ಮಾತುಗಳೆಲ್ಲ ಪ್ರಥಮ ಪುರುಷದ ಕೊಂಜುಂತೀವೊಗಳೇ ಆಗಿರುವುದರಿಂದ ಇದನ್ನು ಮುಂದೂಡುವ ಅನುಕೂಲವೂ ಯಾರಿಗೂ ಇಲ್ಲ; ‘ಸ್ಕೂಸಿ’ ಎಂದು ದಾರಿ ಕೇಳುವ ಪ್ರವಾಸಿಯೂ ಅದನ್ನು ಬಳಸಿರುತ್ತಾನೆ.

ಆಡುಮಾತು ಇವೆಲ್ಲವನ್ನೂ ಕೆಲವೊಮ್ಮೆ ಸಲೀಸಾಗಿ ದಾಟಿಬಿಡುತ್ತದೆ. ‘ಗೊತ್ತಿದ್ದರೆ ಬರುತ್ತಿದ್ದೆ’ ಎನ್ನಲು ಶಿಷ್ಟಭಾಷೆ ಮೊದಲರ್ಧದಲ್ಲಿ ಕೊಂಜುಂತೀವೊವನ್ನೂ ಎರಡನೆಯದರಲ್ಲಿ ಕೊಂದಿತ್ಸಿಯೊನಾಲೆಯನ್ನೂ ಬೇಡಿ ‘ಸೆ ಲವೆಸ್ಸಿ ಸಪೂತೊ, ಸರೇಯಿ ವೆನೂತೊ’ ಎನ್ನುತ್ತದೆ. ಇದನ್ನು ಅದಲುಬದಲು ಮಾಡಿ ‘ಸೆ’ ನಂತರ ಷರತ್ತಿನ ರೂಪ ತಂದರೆ ಶಿಕ್ಷಕರು ಕೆಂಪು ಗೆರೆ ಎಳೆಯುತ್ತಾರೆ. ಆದರೆ ಮನೆಮಾತಿನಲ್ಲಿ ಇಟಲಿಯ ಜನ ಎರಡೂ ಕಡೆ ಇಂಪೆರ್ಫೆತ್ತೊ, ಅಂದರೆ ‘ಬರುತ್ತಿದ್ದೆ’ ಎಂಬಂಥ ಅಪೂರ್ಣ ಭೂತವನ್ನೇ ಇಟ್ಟು ‘ಸೆ ಲೊ ಸಪೇವೊ, ವೆನೀವೊ’ ಎಂದು ಮುಗಿಸುತ್ತಾರೆ. ನಡೆಯದೆ ಹೋದ ಸಂಗತಿಗೆ ‘ಬರುತ್ತಿದ್ದೆ’ ಎಂಬ ಭೂತರೂಪವನ್ನೇ ದುಡಿಸಿಕೊಳ್ಳುವ ಕನ್ನಡಿಗರಿಗೆ ಈ ವಾಕ್ಯ ಯಾರ ನೆರವೂ ಇಲ್ಲದೆ ಬಂದುಬಿಡುತ್ತದೆ. ಅದನ್ನು ಪರೀಕ್ಷೆಯಲ್ಲಿ ಬರೆಯದಿದ್ದರಾಯಿತು.

ಕಲಿಕೆಯ ಕ್ರಮದ ಬಗ್ಗೆ ಒಂದು ಮಾತು ಹೇಳಬಹುದು. ‘ಸ್ಕ್ರಿಸ್ಸಿ’ಯಂಥ ದೂರದ ಭೂತಕಾಲ, ಅಂದರೆ ಪಸ್ಸಾತೊ ರೆಮೋತೊ, ಕಥೆ ಕಾದಂಬರಿಗಳಲ್ಲಿ ಧಾರಾಳವಾಗಿದ್ದರೂ ಉತ್ತರ ಇಟಲಿಯ ಮಾತಿನಲ್ಲಿ ಬಹುತೇಕ ಮರೆಯಾಗಿದೆ, ಅಲ್ಲಿ ನಿನ್ನೆಯದನ್ನೂ ನೂರು ವರ್ಷದ ಹಿಂದಿನದನ್ನೂ ಸಹಾಯಕ ಕ್ರಿಯಾಪದವುಳ್ಳ ಪಸ್ಸಾತೊ ಪ್ರೋಸ್ಸಿಮೊದಲ್ಲಿಯೇ ಹೇಳುವುದು ವಾಡಿಕೆ. ತೊಸ್ಕಾನದಲ್ಲಿ ಎರಡರ ಭೇದ ಉಳಿದಿದ್ದರೆ, ಸಿಸಿಲಿಯಲ್ಲಿ ಇಂದು ಬೆಳಿಗ್ಗೆಯ ಸಂಗತಿಗೂ ದೂರದ ಭೂತ ಬಳಸುವವರು ಸಿಗುತ್ತಾರೆ. ಆದ್ದರಿಂದ ಮಿಲಾನಿಗೆ ಹೋಗುವವರು ಈ ರೂಪಗಳನ್ನು ಓದಿ ಗುರುತಿಸುವಷ್ಟು ಮಾತ್ರ ಕಲಿತು, ಉಳಿದ ಸಮಯವನ್ನು ‘ಕ್ರೇದೊ ಕೆ’, ‘ಪ್ರೀಮ ಕೆ’ಗಳ ಅಭ್ಯಾಸಕ್ಕೆ ಇಟ್ಟುಕೊಳ್ಳಬಹುದು, ಸಿಸಿಲಿಯ ಪಲೆರ್ಮೊಗೆ ಹೋಗುವವರಿಗೆ ಆ ರಿಯಾಯಿತಿ ಇಲ್ಲ.