ಉತ್ತರ ಬೆಂಗಳೂರಿನ ಶಿಲೆಗಳೂ ಕ್ಷೇತ್ರಮಾಪನವೂ

ಹೆಬ್ಬಾಳ, ಯಲಹಂಕ ಮೊದಲಾದ ಪ್ರದೇಶಗಳ ನೆಲದಡಿಯಲ್ಲಿರುವುದು ನೈಸ್ ಎಂಬ ಪಟ್ಟೆಗಲ್ಲು. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದುದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು 1894ರಲ್ಲಿ ಸ್ಥಾಪಿತವಾಯಿತು. ಅದರ ಮುಖ್ಯಸ್ಥರಾಗಿದ್ದ ಸ್ಮೀತ್ ಮಹಾಶಯರು 1916ರಲ್ಲಿ ಈ ಶಿಲಾಸಮೂಹವನ್ನು ಪೆನಿನ್ಸುಲರ್ ನೈಸ್ ಎಂದು ಕರೆದರು. ಹೆಸರನ್ನು ಗ್ರಂಥದಿಂದ ಕಲಿಯಬಹುದು. ಶಿಲಾಪಟರಚನೆಯನ್ನಾದರೋ ಬಂಡೆಯ ಮೇಲೆ ನಿಂತೇ ಕಲಿಯಬೇಕು.

ವಿದ್ಯಾರ್ಥಿಯು ಮೊದಲು ನಿರ್ಣಯಿಸತಕ್ಕದ್ದು, ಎದುರಿಗಿರುವುದು ನೆಲದಲ್ಲಿ ಬೇರೂರಿದ ಹಾಸುಬಂಡೆಯೋ ಅಥವಾ ಜಾರಿಬಂದ ಗುಂಡೋ ಎಂಬುದನ್ನು. ಗುಂಡಿನ ಮೇಲಣ ಪಟ್ಟೆಗಳನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಆ ಅಳತೆ ವ್ಯರ್ಥ. ಅದು ಉರುಳಿದಾಗಲೇ ಪಟ್ಟೆಗಳ ದಿಕ್ಕೂ ತಿರುಗಿಹೋಯಿತು.

ಪಟ್ಟೆಯ ತಲದಲ್ಲಿ ಅಡ್ಡಲಾಗಿ, ಏರಿಳಿತವಿಲ್ಲದೆ ಎಳೆದ ರೇಖೆಯ ದಿಕ್ಕನ್ನು ದಿಕ್ಸೂಚಿಯಿಂದ ಗುರುತಿಸುವರು. ಇದು ಶಿಲೆಯ ಓಟ. ಇದಕ್ಕೆ ಲಂಬವಾಗಿ ಆ ತಲವು ಇಳಿಯುವ ಕೋನವೇ ಇಳಿಜಾರು. ತಲದ ಮೇಲೆ ನೀರನ್ನು ಬಿಟ್ಟರೆ ಅದು ಹರಿಯುವ ದಾರಿಯೇ ಇಳಿಜಾರಿನ ದಿಕ್ಕು. ಸಮತಟ್ಟಾದ ಹಾಸುಬಂಡೆಯಲ್ಲಿ ಓಟ ಮಾತ್ರ ಕಾಣುತ್ತದೆ. ಇಳಿಜಾರನ್ನು ತಿಳಿಯಲು ಕಲ್ಲುಕ್ವಾರಿಯ ಗೋಡೆಯನ್ನೋ ಬಿರುಕಿನ ಪಾರ್ಶ್ವವನ್ನೋ ಹುಡುಕಬೇಕಾಗುತ್ತದೆ. ಈ ಸೀಮೆಯಲ್ಲಿ ಓಟವು ಸಾಮಾನ್ಯವಾಗಿ ಉತ್ತರ-ದಕ್ಷಿಣಕ್ಕೆ ಸಮೀಪವಾಗಿರುವುದು. ಆದರೆ ಪೂರ್ವಗ್ರಹದಿಂದ ಹಾಗೆಯೇ ಬರೆದುಕೊಂಡು ಹೋಗುವುದು ಅಪರಾಧ.

ಸುತ್ತಿಗೆ, ಬೈಸಿಕಲ್ಲು, ಕಾಂಕ್ರೀಟಿನೊಳಗಣ ಕಬ್ಬಿಣ, ಇವೆಲ್ಲ ಸೂಜಿಯನ್ನು ಎಳೆಯುತ್ತವೆ. ಸಂದೇಹವುಂಟಾದಲ್ಲಿ ಕಾತ್ಯಾಯನ ಶುಲ್ಬಸೂತ್ರದಲ್ಲಿ ವಿಧಿಸಿರುವ ಶಂಕುವೇ ಸಾಕು: ಶಂಕುವಿನ ಸುತ್ತ ವೃತ್ತವನ್ನೆಳೆದು, ನೆರಳಿನ ತುದಿಯು ಪೂರ್ವಾಹ್ಣದಲ್ಲಿ ಒಳಹೊಕ್ಕ ಮತ್ತು ಅಪರಾಹ್ಣದಲ್ಲಿ ಹೊರಟ ಬಿಂದುಗಳನ್ನು ಕೂಡಿಸಿದರೆ ಪೂರ್ವಪಶ್ಚಿಮರೇಖೆ ಸಿದ್ಧಿಸುವುದು. ಯಜ್ಞವೇದಿಗೆ ಹುಟ್ಟಿದ ಉಪಾಯವು ಶಿಲಾಶಾಸ್ತ್ರಕ್ಕೂ ಒದಗಿದರೆ ಆಶ್ಚರ್ಯವೇನು?

ಬಳಿಕ ಹೆಜ್ಜೆಯೆಣಿಕೆಯಿಂದಲೋ ಸರಪಣಿಯಿಂದಲೋ ದೂರವನ್ನಳೆದು ಪಟದಲ್ಲಿ ಸ್ಥಾನವನ್ನು ಗುರುತಿಸಬೇಕು. ಕಣ್ಣಾರೆ ಕಂಡ ಶಿಲೆಯ ಎಲ್ಲೆಗೆ ಅಖಂಡರೇಖೆ, ಊಹಿಸಿದ್ದಕ್ಕೆ ತುಂಡುರೇಖೆ. ಪ್ರತ್ಯಕ್ಷವೂ ಅನುಮಾನವೂ ಬೇರೆಬೇರೆ ಪ್ರಮಾಣಗಳೆಂದು ನೈಯಾಯಿಕರು ಹೇಳುವ ಭೇದವೇ ಇಲ್ಲಿಯದೂ. ಈ ಭೇದವನ್ನು ಮರೆತ ಪಟವನ್ನು ನಂಬಿ ಬಾವಿ ತೋಡಿಸುವವನು ಹಣವನ್ನು ಕಳೆದುಕೊಳ್ಳಬಹುದು.

ಯಶವಂತಪುರದಿಂದ ಯಲಹಂಕದವರೆಗೆ ಮನೆಗಳೂ ಮಾರ್ಗಗಳೂ ನೆಲವನ್ನು ಮುಚ್ಚಿರುವುದರಿಂದ ತುಂಡುರೇಖೆಗಳೇ ಹೆಚ್ಚುತ್ತಿವೆ. ಅಡಿಪಾಯಕ್ಕೆ ತೋಡಿದ ಗುಂಡಿಯಲ್ಲಿ ಶಿಲೆಯು ಕೆಲವೇ ದಿನ ಬೆಳಕನ್ನು ಕಾಣುವುದು. ಅಷ್ಟರಲ್ಲಿ ಅದನ್ನು ಅಳೆದು, ಸ್ಥಳವನ್ನೂ ತಾರೀಖನ್ನೂ ಬರೆದಿಡತಕ್ಕದ್ದು.